ಪರ್ವತ ಜಿರಳೆಗಳು
ಎತ್ತರದ ತಂಪು ನೆಲೆಗಳ ಬಂಡೆಸಂದು, ತರಗೆಲೆ ಮತ್ತು ಕೊಳೆತ ಮರದಲ್ಲಿ ಬದುಕಲು ಹೊಂದಿಕೊಂಡ ಕಾಡು ಜಿರಳೆಗಳು. ಬ್ಲಾಟೋಡಿಯ ಗಣಕ್ಕೆ ಸೇರಿದ ಕೀಟಗಳು. ಗೆದ್ದಲು ಸಹ ಇದೇ ಗಣದ್ದು. ಪರ್ವತ ಜಿರಳೆ ಎಂಬುದು ನೆಲೆಯನ್ನು ಆಧರಿಸಿದ ಗುಂಪೇ ಹೊರತು ವರ್ಗೀಕರಣದ ಘಟಕವಲ್ಲ: ಎತ್ತರಕ್ಕೆ ಹೊಂದಿಕೆ ಬೇರೆ ಬೇರೆ ಕುಟುಂಬಗಳಲ್ಲಿ ಪ್ರತ್ಯೇಕವಾಗಿ ಮೂಡಿದೆ. ಆದ್ದರಿಂದ ಕುಗ್ಗಿದ ರೆಕ್ಕೆ, ಕಡುಬಣ್ಣಗಳನ್ನಷ್ಟೇ ನೋಡಿ ಪ್ರಭೇದ ಗುರುತಿಸುವುದು ತಪ್ಪಿಗೆ ದಾರಿ. ಗಂಡಿನ ಜನನಾಂಗದ ರಚನೆ, ರೆಕ್ಕೆಯ ನಾಳಗಳು, ಮೊಟ್ಟೆಕೋಶ ಮತ್ತು ಡಿಎನ್‌ಎ ಮುಖ್ಯ ಆಧಾರಗಳು.

ನ್ಯೂಜಿಲೆಂಡಿನ ಸೆಲಾಟೊಬ್ಲಾಟಾ ಕ್ವಿಂಕ್ವಿಮಾಕ್ಯುಲೇಟಾ (ಬ್ಲಾಟಿಡೇ ಕುಟುಂಬ) ದೇಹದ್ರವ ಭಾಗಶಃ ಹೆಪ್ಪುಗಟ್ಟಿದರೂ ಬದುಕುತ್ತದೆ. ಅಮೆರಿಕ ಮತ್ತು ಪೂರ್ವ ಏಷ್ಯಾದ ಬೆಟ್ಟಗಾಡುಗಳ ಕ್ರಿಪ್ಟೊಸರ್ಕಸ್ ಕೊಳೆತ ಮರ ತಿಂದು ಕುಟುಂಬವಾಗಿ ಬಾಳುತ್ತದೆ. ಇದು ಗೆದ್ದಲಿನ ಅತಿ ಹತ್ತಿರದ ಬಂಧು.

ಕರ್ನಾಟಕದ ಮಲೆನಾಡಿನ ಸ್ಥಿತಿ ಬೇರೆ: ಶಿವಮೊಗ್ಗ, ಭದ್ರಾವತಿಗಳು ಸಮುದ್ರಮಟ್ಟದಿಂದ ಸುಮಾರು 600 ಮೀ. ಎತ್ತರದಲ್ಲಿವೆ, ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿ ಬೆಟ್ಟ 1,343 ಮೀ. ಹಿಮವಿಲ್ಲದ ಈ ಮಲೆನಾಡಿನಲ್ಲಿ ಚಳಿಗಿಂತ ಮಳೆ, ತೇವ, ತರಗೆಲೆಯ ದಪ್ಪಗಳೇ ನೆಲೆಯನ್ನು ನಿರ್ಧರಿಸುತ್ತವೆ. ದಕ್ಷಿಣ ಭಾರತದ ಥೆರಿಯಾ ಪೆಟಿವೆರಿಯಾನಾ (ಕೋರಿಡಿಡೇ ಕುಟುಂಬ) ಕಪ್ಪು ಮೈಮೇಲೆ ಏಳು ಬಿಳಿ ಚುಕ್ಕೆಗಳುಳ್ಳ ಕಾಡು ಜಿರಳೆ, ಆದರೆ ಪರ್ವತವಾಸಿಯಲ್ಲ. ಮರಿಗಳು ಮಣ್ಣಿನೊಳಗೆ ಬೆಳೆಯುತ್ತವೆ. ಲಿನ್ನೇಯಸ್ 1758ರಲ್ಲಿ ಇದನ್ನು ದುಂಬಿಗಳ ಕ್ಯಾಸಿಡಾ ಜಾತಿಯಲ್ಲಿ ಇರಿಸಿದ್ದು, ಹೊರರೂಪ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಸ್ಪಷ್ಟ ನಿದರ್ಶನ. ಮನೆಗಳಲ್ಲಿ ಕಾಣುವ ಜಿರಳೆ ಪೆರಿಪ್ಲಾನೆಟಾ ಅಮೆರಿಕಾನಾ ಬೆಚ್ಚನೆಯ ನಾಡಿನ ಮೂಲದ್ದು. ಕಾಡು ಜಿರಳೆಗಳಲ್ಲಿ ಬಹುಪಾಲು ಮನೆಗೆ ಬಾರವು; ಸತ್ತ ಎಲೆ, ಮರವನ್ನು ಮಣ್ಣಾಗಿಸಲು ನೆರವಾಗುತ್ತವೆ.