ಮನೆಯ ಸಿಹಿನೀರಿನ ಅಕ್ವೇರಿಯಂನಲ್ಲಿ ದುರ್ವಾಸನೆ: ಕಾರಣಗಳು ಮತ್ತು ಪರಿಹಾರ ಕ್ರಮಗಳು

(ಹಾನಗಲ್ಲ, ಶಿಗ್ಗಾಂವ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಹಾವೇರಿ ಜಿಲ್ಲೆಯ ಮೇಲ್ಕಂಡ ತಾಲ್ಲೂಕುಗಳಲ್ಲಿ ಮನೆ, ಅಂಗಡಿ ಹಾಗೂ ದವಾಖಾನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಕಂಡುಬರುತ್ತದೆ. ಸುಸ್ಥಿತಿಯಲ್ಲಿರುವ ತೊಟ್ಟಿಯ ನೀರಿಗೆ ವಾಸನೆಯೇ ಇರುವುದಿಲ್ಲ. ಇದ್ದರೂ ಹಸಿ ಮಣ್ಣಿನಂತಹ ಸೌಮ್ಯ ವಾಸನೆ ಮಾತ್ರ ಇರುತ್ತದೆ. ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಯು ನೀರು ಕೆಡುತ್ತಿರುವುದರ ಸೂಚನೆಯಾಗಿರುತ್ತದೆ.

ದುರ್ವಾಸನೆ ಬಂದಾಗ ಬಹುತೇಕ ಮನೆಗಳಲ್ಲಿ ನೀರನ್ನೆಲ್ಲ ಚೆಲ್ಲಿ, ಕಲ್ಲು ಮತ್ತು ಫಿಲ್ಟರ್‌ಗಳನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಹೊಸ ನೀರು ತುಂಬಿ ಮೀನುಗಳನ್ನು ಬಿಡಲಾಗುತ್ತದೆ. ವಾಸನೆ ಅಂದೇ ಹೋಗುತ್ತದೆ. ಆದರೆ ಎರಡು-ಮೂರು ದಿನಗಳಲ್ಲಿ ಮೀನುಗಳು ಸಾಯುವುದೂ, ಕೆಲವೇ ವಾರಗಳಲ್ಲಿ ವಾಸನೆ ಮರಳುವುದೂ ಉಂಟು. ಇದರ ಕಾರಣವನ್ನೂ, ಸರಿಯಾದ ಕ್ರಮವನ್ನೂ ಈ ಕೆಳಗೆ ವಿವರಿಸಲಾಗಿದೆ.

2. ದುರ್ವಾಸನೆ ಉಂಟಾಗುವ ಬಗೆ

ಮೀನುಗಳ ಮಲ ಮತ್ತು ಕಿವಿರುಗಳ ಮೂಲಕ ಹೊರಬೀಳುವ ತ್ಯಾಜ್ಯ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮೀನುಗಳಿಗೆ ವಿಷ. ಫಿಲ್ಟರ್‌ನ ಸ್ಪಂಜು ಹಾಗೂ ತಳದ ಕಲ್ಲುಗಳ ಮೇಲೆ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ, ಅನಂತರ ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ.

ಇವು ಆಮ್ಲಜನಕವನ್ನು ಅವಲಂಬಿಸಿ ಬದುಕುವ ಜೀವಿಗಳು. ಆಮ್ಲಜನಕ ತಲುಪದ ಸ್ಥಳದಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಬೆಳೆದು ಹೈಡ್ರೋಜನ್ ಸಲ್ಫೈಡ್ ಎಂಬ ದುರ್ನಾತದ ಅನಿಲವನ್ನು ಉತ್ಪತ್ತಿ ಮಾಡುತ್ತವೆ. ಆದ್ದರಿಂದ ದುರ್ವಾಸನೆಗೆ ಎರಡೇ ಮೂಲ ಕಾರಣಗಳು: ತೊಟ್ಟಿಯ ಶಕ್ತಿಗೆ ಮೀರಿದ ಕೊಳಕು ಅಥವಾ ಆಮ್ಲಜನಕದ ಕೊರತೆ. ಕಲ್ಲು, ಸ್ಪಂಜು ಎಲ್ಲವನ್ನೂ ಒಂದೇ ದಿನ ತೊಳೆದರೆ ಕೊಳಕಿನೊಂದಿಗೆ ಉಪಕಾರಿ ಬ್ಯಾಕ್ಟೀರಿಯಾಗಳೂ ನಾಶವಾಗಿ, ತೊಟ್ಟಿಯು ಮೊದಲ ದಿನದ ಸ್ಥಿತಿಗೆ ಮರಳುತ್ತದೆ.

3. ವಾಸನೆಯಿಂದ ಕಾರಣವನ್ನು ಗುರುತಿಸುವುದು

ಅ) ಕೊಳೆತ ಮೊಟ್ಟೆಯ ವಾಸನೆ: ತಳದ ಕಲ್ಲು ಅಥವಾ ಮರಳಿನ ಪದರ ದಪ್ಪವಾಗಿ, ಅದರೊಳಗೆ ಹೈಡ್ರೋಜನ್ ಸಲ್ಫೈಡ್ ಉಂಟಾಗಿದೆ. ಗಾಜಿನ ಪಕ್ಕದಿಂದ ನೋಡಿದಾಗ ಪದರದಲ್ಲಿ ಕಪ್ಪು ಕಲೆಗಳು ಕಾಣುತ್ತವೆ.

ಆ) ಕೊಳೆತ ಮಾಂಸದ ವಾಸನೆ: ಸತ್ತ ಮೀನು ಅಥವಾ ಬಸವನಹುಳು ಕಲ್ಲಿನ ಸಂದಿಯಲ್ಲೋ ಫಿಲ್ಟರ್‌ನ ಹಿಂಭಾಗದಲ್ಲೋ ಉಳಿದಿದೆ. ಮೀನುಗಳನ್ನು ಎಣಿಸಿ ನೋಡುವುದೇ ಮೊದಲ ಪರೀಕ್ಷೆ.

ಇ) ಮೂತ್ರದಂತಹ ಘಾಟು: ಅಮೋನಿಯಾ ಬಹಳವಾಗಿ ಏರಿದೆ. ಮೀನುಗಳು ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಆ ದಿನವೇ ಕ್ರಮ ಕೈಗೊಳ್ಳಬೇಕು. ಅಮೋನಿಯಾ ವಾಸನೆ ಬಾರದ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲಬಲ್ಲುದು.

ಈ) ಹಳಸಿದ ಆಹಾರದ ವಾಸನೆ, ಮಸುಕಾದ ನೀರು: ಆಹಾರ ಹೆಚ್ಚಾಗಿ ಹಾಕಲಾಗುತ್ತಿದೆ.

ಉ) ಕೆಸರು ಅಥವಾ ಪಾಚಿಯ ವಾಸನೆ: ಬಿಸಿಲು ಬೀಳುವ ಸ್ಥಳದಲ್ಲಿ ತೊಟ್ಟಿ ಇರುವುದರಿಂದ ನೀಲಿ-ಹಸಿರು ಪಾಚಿ ಬೆಳೆದಿದೆ. ಇದು ಜಾರುವ ಹೊದಿಕೆಯಂತೆ ಕಲ್ಲು ಮತ್ತು ಗಿಡಗಳನ್ನು ಮುಚ್ಚುತ್ತದೆ.

4. ಸ್ಥಳೀಯವಾಗಿ ಗಮನಿಸಬೇಕಾದ ಅಂಶಗಳು

ಕೊಳವೆ ಬಾವಿಯ ನೀರು: ಪಾತ್ರೆಗಳಿಗೆ ಬಿಳಿ ಪದರ ಕಟ್ಟಿಸುವ ಗಡಸು ನೀರು ಸಾಮಾನ್ಯವಾಗಿ ಕ್ಷಾರ ಗುಣ ಹೊಂದಿರುತ್ತದೆ. ನೀರಿನ ಪಿಎಚ್ ಮೌಲ್ಯ 7 ಇದ್ದಾಗ (25 ಡಿಗ್ರಿ ಸೆಲ್ಸಿಯಸ್‌ನಲ್ಲಿ) ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ತೀವ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದಾಗ ಅದು ಸುಮಾರು ಶೇ. 5ಕ್ಕೆ ಏರುತ್ತದೆ. ಹಲವು ತಿಂಗಳು ಬದಲಿಸದ ನೀರು ಆಮ್ಲೀಯವಾಗಿರುತ್ತದೆ. ಅದಕ್ಕೆ ಕ್ಷಾರಯುಕ್ತ ನೀರನ್ನು ಒಮ್ಮೆಲೇ ಹೆಚ್ಚಾಗಿ ಸೇರಿಸಿದರೆ, ಇದ್ದ ಅಮೋನಿಯಾವೇ ಹೆಚ್ಚು ವಿಷಕಾರಿಯಾಗುತ್ತದೆ. ಹಳೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿಯೇ ಬದಲಿಸಬೇಕೆಂಬ ಸಲಹೆಗೆ ಇದೇ ಆಧಾರ. ಕೊಳವೆ ಬಾವಿಯಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಎತ್ತಿ ಸುರಿದು ಬಳಸುವುದು ಸೂಕ್ತ.

ನಲ್ಲಿ ನೀರು: ಪಟ್ಟಣಗಳಿಗೆ ಸರಬರಾಜಾಗುವ ನೀರಿಗೆ ಕ್ಲೋರಿನ್ ಅಥವಾ ಬ್ಲೀಚಿಂಗ್ ಪುಡಿ ಸೇರಿಸಿರಲಾಗುತ್ತದೆ. ಇದು ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ನೀರನ್ನು 24 ಗಂಟೆ ತೆರೆದಿಡಬೇಕು ಅಥವಾ ಅಂಗಡಿಗಳಲ್ಲಿ ದೊರೆಯುವ ಕ್ಲೋರಿನ್ ನಿವಾರಕ ದ್ರಾವಣವನ್ನು ಸೀಸೆಯ ಮೇಲಿನ ಪ್ರಮಾಣದಂತೆ ಬಳಸಬೇಕು.

ಬೇಸಿಗೆ: 20 ಡಿಗ್ರಿಯ ನೀರು ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು, 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಕೊಳೆಯುವಿಕೆ ಮಾತ್ರ ಬಿಸಿಯಲ್ಲಿ ಹೆಚ್ಚುತ್ತದೆ. ಮಾರ್ಚ್‌ನಿಂದ ಮೇ ವರೆಗೆ ವಾಸನೆಯ ತೊಂದರೆ ಹೆಚ್ಚಲು ಇದೇ ಕಾರಣ.

ವಿದ್ಯುತ್ ನಿಲುಗಡೆ: ಮುಚ್ಚಿದ ಡಬ್ಬಿಯ ಮಾದರಿಯ ಫಿಲ್ಟರ್ ಹಲವು ಗಂಟೆ ನಿಂತರೆ ಅದರೊಳಗಿನ ಬ್ಯಾಕ್ಟೀರಿಯಾಗಳು ಸತ್ತು ನೀರು ಕೊಳೆಯುತ್ತದೆ. ವಿದ್ಯುತ್ ಬಂದೊಡನೆ ಆ ನೀರು ತೊಟ್ಟಿಗೆ ಸೇರುತ್ತದೆ. ದೀರ್ಘ ನಿಲುಗಡೆಯ ನಂತರ ಫಿಲ್ಟರ್‌ನಲ್ಲಿನ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದ ಬಳಿಕವೇ ಚಾಲನೆ ಮಾಡಬೇಕು. ನಿಲುಗಡೆಯ ಅವಧಿಯಲ್ಲಿ ಆಹಾರ ಹಾಕಬಾರದು. ಬ್ಯಾಟರಿ ಚಾಲಿತ ಗಾಳಿ ಪಂಪು ಇಲ್ಲದಿದ್ದಲ್ಲಿ ತಂಬಿಗೆಯಿಂದ ನೀರನ್ನು ಆಗಾಗ ಎತ್ತಿ ಸುರಿಯಬಹುದು.

5. ವಾಸನೆ ಬಂದಾಗ ಕೈಗೊಳ್ಳಬೇಕಾದ ಕ್ರಮಗಳು

(1) ಮೀನುಗಳನ್ನು ಎಣಿಸಿ, ಸತ್ತವುಗಳನ್ನೂ ಕೊಳೆತ ಎಲೆಗಳನ್ನೂ ತೆಗೆಯುವುದು.
(2) ಎರಡು ದಿನ ಆಹಾರ ನಿಲ್ಲಿಸುವುದು. ಆರೋಗ್ಯವಂತ ದೊಡ್ಡ ಮೀನುಗಳಿಗೆ ಇದರಿಂದ ತೊಂದರೆಯಿಲ್ಲ.
(3) ಗಾಳಿ ಪಂಪನ್ನು ಹಗಲು-ರಾತ್ರಿ ಚಾಲನೆಯಲ್ಲಿಡುವುದು.
(4) ವಿದ್ಯುತ್ ಉಪಕರಣಗಳ ಪ್ಲಗ್ ತೆಗೆದ ನಂತರ, ರಬ್ಬರ್ ಕೊಳವೆಯಿಂದ ತಳದ ಕೊಳಕನ್ನು ಸೆಳೆಯುತ್ತಾ ಒಟ್ಟು ನೀರಿನ ಕಾಲು ಭಾಗವನ್ನು ಮಾತ್ರ ಹೊರತೆಗೆಯುವುದು.
(5) ಹೊರತೆಗೆದ ಅದೇ ನೀರಿನಲ್ಲಿ ಫಿಲ್ಟರ್ ಸ್ಪಂಜನ್ನು ಮೃದುವಾಗಿ ಹಿಂಡುವುದು. ನಲ್ಲಿ ನೀರು, ಸಾಬೂನು ಸಲ್ಲದು.
(6) ಸಿದ್ಧಪಡಿಸಿದ ನೀರನ್ನು ನಿಧಾನವಾಗಿ ತುಂಬುವುದು. ವಾಸನೆ ಉಳಿದಿದ್ದರೆ ಮಾರನೆಯ ದಿನ ಪುನಃ ಕಾಲು ಭಾಗ ಬದಲಿಸುವುದು.
(7) ತಳದಲ್ಲಿ ಕಪ್ಪು ಪದರವಿದ್ದರೆ ಒಮ್ಮೆಲೇ ಕದಡದೆ, ವಾರಕ್ಕೆ ನಾಲ್ಕನೇ ಒಂದು ಭಾಗದಂತೆ ಶುಚಿಗೊಳಿಸುವುದು. ಒಮ್ಮೆಲೇ ಕದಡಿದರೆ ಅನಿಲವು ನೀರಿಗೆ ಬೆರೆತು ಮೀನುಗಳು ಸಾಯಬಹುದು.

ಕೈಯಲ್ಲಿ ಗಾಯವಿದ್ದವರು ಕೈಗವಸು ಧರಿಸತಕ್ಕದ್ದು. ಅಕ್ವೇರಿಯಂ ನೀರಿನಲ್ಲಿರಬಹುದಾದ ಕೆಲವು ಬ್ಯಾಕ್ಟೀರಿಯಾಗಳು ಗಾಯದ ಮೂಲಕ ದೀರ್ಘಕಾಲದ ಚರ್ಮದ ಸೋಂಕನ್ನು ಉಂಟುಮಾಡುತ್ತವೆ. ಕೆಲಸದ ನಂತರ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

6. ವಾಸನೆ ಮರುಕಳಿಸದಂತೆ ನಿತ್ಯ ನಿರ್ವಹಣೆ

ಉದ್ದ, ಅಗಲ, ನೀರಿನ ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ನೀರಿನ ಪ್ರಮಾಣ ಲೀಟರ್‌ಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ 60 × 30 × 30 ಸೆಂ.ಮೀ. ತೊಟ್ಟಿಯಲ್ಲಿ 54 ಲೀಟರ್ ನೀರಿರುತ್ತದೆ. ಇದರ ಕಾಲು ಭಾಗವೆಂದರೆ ಸುಮಾರು 13 ಲೀಟರ್, ಅಂದರೆ ಸಾಧಾರಣ ಗಾತ್ರದ ಒಂದು ಬಕೆಟ್. ವಾರಕ್ಕೊಮ್ಮೆ ಇಷ್ಟನ್ನು ಬದಲಿಸಿದರೆ ತೊಟ್ಟಿಯನ್ನು ಪೂರ್ಣ ಬರಿದು ಮಾಡುವ ಪ್ರಮೇಯವೇ ಬರುವುದಿಲ್ಲ.

ಆಹಾರವನ್ನು ದಿನಕ್ಕೆ ಒಂದು ಅಥವಾ ಎರಡು ಬಾರಿ, ಎರಡು-ಮೂರು ನಿಮಿಷಗಳಲ್ಲಿ ಮುಗಿಯುವಷ್ಟು ಮಾತ್ರ ಹಾಕಬೇಕು. ಮನೆಯ ಸದಸ್ಯರಲ್ಲಿ ಒಬ್ಬರೇ ಈ ಹೊಣೆ ಹೊರುವುದು ಒಳಿತು. ಅನ್ನ, ಬ್ರೆಡ್, ಚುರುಮುರಿ ಹಾಕಬಾರದು. ಗೋಲ್ಡ್ ಫಿಶ್ ಹೆಚ್ಚು ತಿಂದು ಹೆಚ್ಚು ತ್ಯಾಜ್ಯ ಬಿಡುವ ಮೀನಾದುದರಿಂದ ಮೇಲ್ಕಂಡ ಗಾತ್ರದ ತೊಟ್ಟಿಗೆ ಎರಡಕ್ಕಿಂತ ಹೆಚ್ಚು ಬೇಡ. ತಳದ ಕಲ್ಲಿನ ಪದರ 3ರಿಂದ 5 ಸೆಂ.ಮೀ. ಮೀರಬಾರದು.

7. ಮಾಡಬಾರದ ಕೆಲಸಗಳು

• ತೊಟ್ಟಿಗೆ ಫಿನಾಯಿಲ್, ಸಾಬೂನು ಪುಡಿ, ಸುಗಂಧ ದ್ರವ್ಯ ಬಳಸುವುದು.
• ತೊಟ್ಟಿಯ ಸಮೀಪ ಸೊಳ್ಳೆ ಬತ್ತಿ ಹಚ್ಚುವುದು ಅಥವಾ ಕೀಟನಾಶಕ ಸಿಂಪಡಿಸುವುದು. ಇವುಗಳಲ್ಲಿನ ಪೈರೆಥ್ರಾಯ್ಡ್ ರಾಸಾಯನಿಕಗಳು ಮೀನುಗಳಿಗೆ ಅತಿ ವಿಷಕಾರಿ.
• ನಕ್ಷತ್ರ ಆಮೆ ಹಾಗೂ ಕೆರೆಗಳಲ್ಲಿ ದೊರೆಯುವ ದೇಶೀ ಆಮೆಗಳನ್ನು ಸಾಕುವುದು. ಕೆರೆಯ ಆಮೆಗಳು ನೀರನ್ನು ಬೇಗ ಕೆಡಿಸುತ್ತವೆ. ಅಲ್ಲದೆ ಇವೆಲ್ಲವೂ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿ ಸಂರಕ್ಷಿತವಾಗಿದ್ದು ಸಾಕುವುದು ಅಪರಾಧವಾಗಿರುತ್ತದೆ.

8. ನೀರು ಮತ್ತು ಮೀನುಗಳ ವಿಲೇವಾರಿ

ಹೊರತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಹೂಗಿಡ, ತೆಂಗು ಮುಂತಾದವುಗಳಿಗೆ ಹಾಕಬಹುದು. ಔಷಧಿ ಅಥವಾ ಉಪ್ಪು ಬೆರೆಸಿದ ನೀರು ಗಿಡಗಳಿಗೆ ಸಲ್ಲದು. ಸತ್ತ ಮೀನುಗಳನ್ನು ಮಣ್ಣಿನಲ್ಲಿ ಹೂಳತಕ್ಕದ್ದು.

ಬೇಸರಗೊಂಡು ಮೀನುಗಳನ್ನು ಹಾನಗಲ್ಲದ ಆನಿಕೆರೆ, ಸವಣೂರಿನ ಮೋತಿ ತಲಾಬ್ ಅಥವಾ ವರದಾ, ಕುಮುದ್ವತಿ ನದಿಗಳಂತಹ ಜಲಮೂಲಗಳಿಗೆ ಬಿಡುವುದು ಪುಣ್ಯದ ಕೆಲಸವಲ್ಲ. ಗಾಜು ಶುಚಿಗೊಳಿಸಲೆಂದು ತರುವ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನುಗಳು ಭಾರತದ ಹಲವು ಕೆರೆ-ನದಿಗಳಲ್ಲಿ ಈಗಾಗಲೇ ಹರಡಿ, ದಂಡೆಗಳನ್ನು ಕೊರೆದು, ಬಲೆಗಳನ್ನು ಹರಿದು ನಷ್ಟ ಉಂಟುಮಾಡಿವೆ. ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿತ್ತಿ ಜೀವನ ನಡೆಸುವ ಮೀನುಗಾರರ ದುಡಿಮೆಗೆ ಇದರಿಂದ ಪೆಟ್ಟು ಬೀಳುತ್ತದೆ. ಬೇಡವಾದ ಮೀನುಗಳನ್ನು ಅಂಗಡಿಗೆ ಅಥವಾ ಬೇರೆ ಹವ್ಯಾಸಿಗಳಿಗೆ ನೀಡತಕ್ಕದ್ದು.

9. ಸಲಹೆ ಕೋರುವವರು ಒದಗಿಸಬೇಕಾದ ವಿವರಗಳು

ಮೇಲ್ಕಂಡ ಕ್ರಮಗಳ ನಂತರವೂ ವಾಸನೆ ಉಳಿದಲ್ಲಿ ಅಥವಾ ಮೀನುಗಳು ಸಾಯುತ್ತಿದ್ದಲ್ಲಿ, ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಸಲಹೆ ಕೋರುವಾಗ ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ತರುವುದರಿಂದ ಅನುಕೂಲವಾಗುತ್ತದೆ:

1) ತೊಟ್ಟಿಯ ಅಳತೆ ಮತ್ತು ಆರಂಭಿಸಿದ ದಿನಾಂಕ
2) ನೀರಿನ ಮೂಲ (ನಲ್ಲಿ / ಕೊಳವೆ ಬಾವಿ / ಬಾವಿ)
3) ಮೀನುಗಳ ಜಾತಿ ಮತ್ತು ಸಂಖ್ಯೆ, ಸತ್ತವುಗಳ ಸಂಖ್ಯೆ ಮತ್ತು ದಿನಾಂಕ
4) ಫಿಲ್ಟರ್ ಮಾದರಿ, ಕೊನೆಯ ಬಾರಿ ನೀರು ಬದಲಿಸಿದ ದಿನಾಂಕ ಮತ್ತು ಪ್ರಮಾಣ
5) ಬಳಸಿದ ಔಷಧಿಗಳು
6) ವಾಸನೆಯ ಬಗೆ (ಕ್ರಮ ಸಂಖ್ಯೆ 3ರಂತೆ)

ತೊಟ್ಟಿಯ ನೀರನ್ನು ತೊಳೆದ ಬಾಟಲಿಯಲ್ಲಿ ಅಂಚಿನವರೆಗೆ ತುಂಬಿ, ಅದೇ ದಿನ ತರುವುದು ಉತ್ತಮ. ಉತ್ತರ ದೊರೆಯುವವರೆಗೆ ಆಹಾರ ನಿಲ್ಲಿಸಿ, ಗಾಳಿ ಪಂಪನ್ನು ಚಾಲನೆಯಲ್ಲಿಡುವುದು.