ಐಐಐಟಿ ಹೈದರಾಬಾದ್: ಅಧ್ಯಾಪಕರ ಸಂಶೋಧನೆ

ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 1998ರಲ್ಲಿ ಸರ್ಕಾರ ಮತ್ತು ಉದ್ಯಮಗಳ ಸಹಭಾಗಿತ್ವದಲ್ಲಿ, ಲಾಭದ ಉದ್ದೇಶವಿಲ್ಲದೆ ಆರಂಭವಾಯಿತು. 2001ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಇಲ್ಲಿನ ಅಧ್ಯಾಪಕರು ವಿಭಾಗಗಳಿಗಿಂತ ಹೆಚ್ಚಾಗಿ ಸಂಶೋಧನಾ ಕೇಂದ್ರಗಳ ಮೂಲಕ ಕೆಲಸ ಮಾಡುತ್ತಾರೆ.

ಕನ್ನಡಿಗರಿಗೆ ತೀರ ಹತ್ತಿರವಾದುದು ಭಾಷಾ ತಂತ್ರಜ್ಞಾನ ಸಂಶೋಧನಾ ಕೇಂದ್ರ. ಸಂಸ್ಥೆಯ ನಿರ್ದೇಶಕರಾಗಿದ್ದ ರಾಜೀವ್ ಸಂಗಲ್ ಮತ್ತು ಅವರ ಸಹೋದ್ಯೋಗಿ ವಿನೀತ್ ಚೈತನ್ಯ, ಕ್ರಿಯೆಗೂ ನಾಮಪದಗಳಿಗೂ ಇರುವ ಸಂಬಂಧವನ್ನು ವಿವರಿಸುವ ಪಾಣಿನಿಯ ಕಾರಕ ಸಿದ್ಧಾಂತವನ್ನು ಕಂಪ್ಯೂಟರಿಗೆ ಅಳವಡಿಸಿದವರು. ‘ರಾಮನು ಹಣ್ಣನ್ನು ತಿಂದನು’ ಎಂದರೂ ‘ಹಣ್ಣನ್ನು ರಾಮನು ತಿಂದನು’ ಎಂದರೂ ತಿಂದವನು ರಾಮನೇ. ಅದನ್ನು ತಿಳಿಸುವುದು ಪದಕ್ರಮವಲ್ಲ, ವಿಭಕ್ತಿ. ಇಂಗ್ಲಿಷಿಗಾಗಿ ರೂಪಿಸಿದ ವಿಧಾನಗಳು ಎಡವುವ ಈ ಜಾಗದಲ್ಲಿ ಕಾರಕ ವಿಶ್ಲೇಷಣೆ ನಮ್ಮ ಭಾಷೆಗಳಿಗೆ ಸಹಜವಾಗಿ ಒಗ್ಗುತ್ತದೆ. ಇವರ ‘ಅನುಸಾರಕ’ ಕನ್ನಡ, ತೆಲುಗು ಮೊದಲಾದ ಭಾಷೆಗಳ ಪಠ್ಯವನ್ನು ಹಿಂದಿ ಓದುಗರಿಗೆ ತಲುಪಿಸಲು ಹೊರಟ ಯೋಜನೆ. ಅನಂತರ ಹಲವು ಸಂಸ್ಥೆಗಳು ಕೂಡಿ ಕಟ್ಟಿದ ‘ಸಂಪರ್ಕ್’ ಅನುವಾದ ವ್ಯವಸ್ಥೆಯಲ್ಲೂ ಕನ್ನಡಕ್ಕೆ ಸ್ಥಾನ ದೊರೆಯಿತು.

ದೃಶ್ಯ ಮಾಹಿತಿ ತಂತ್ರಜ್ಞಾನ ಕೇಂದ್ರದ ಸಿ.ವಿ. ಜವಾಹರ್ ಮತ್ತು ಸಹೋದ್ಯೋಗಿಗಳು ಭಾರತೀಯ ಲಿಪಿಗಳ ಮುದ್ರಿತ ಪುಟಗಳನ್ನು ಯಂತ್ರ ಓದುವಂತೆ ಮಾಡಲು ದುಡಿದಿದ್ದಾರೆ. ಹೈದರಾಬಾದ್, ಬೆಂಗಳೂರು ರಸ್ತೆಗಳ 10,000 ಚಿತ್ರಗಳ ಸಂಗ್ರಹವೂ ಇಲ್ಲಿಂದ ಬಂದಿದೆ. ಪಥಶಿಸ್ತಿಲ್ಲದ, ಆಟೊ–ದನಗಳೂ ಎದುರಾಗುವ ನಮ್ಮ ಬೀದಿಗಳನ್ನು ಚಾಲಕರಹಿತ ವಾಹನಕ್ಕೆ ಕಲಿಸಲು ಅದು ಬೇಕೇಬೇಕು.

ಭೂಕಂಪ ಎಂಜಿನಿಯರಿಂಗ್, ರೊಬಾಟಿಕ್ಸ್, ಜೈವಿಕ ಮಾಹಿತಿ ವಿಜ್ಞಾನಕ್ಕೂ ಇಲ್ಲಿ ನೆಲೆಯಿದೆ. ಇದೇ ಸಂಸ್ಥೆಯ ಅಧ್ಯಾಪಕಿ ಜಯಂತಿ ಶಿವಸ್ವಾಮಿ ಅವರ ತಂಡ 50 ಪುರುಷರು ಮತ್ತು 50 ಮಹಿಳೆಯರ ಎಂಆರ್‌ಐ ಚಿತ್ರಗಳಿಂದ ಭಾರತೀಯ ಮಿದುಳಿನ ನಕ್ಷೆಯನ್ನು 2019ರಲ್ಲಿ ಪ್ರಕಟಿಸಿತು.