‘ಬ್ರೂ’ಗೆ ಕನ್ನಡದಲ್ಲಿ ಏನೆನ್ನಬೇಕು?

ಗಿರಿನಗರದ ಸೀತಾ ಸರ್ಕಲ್ಲಿನಲ್ಲಿ ಯಾರನ್ನಾದರೂ ನಿಲ್ಲಿಸಿ ‘ಬ್ರೂ’ ಎಂದರೇನು ಎಂದು ಕೇಳಿ ನೋಡಿ. ಹಿರಿಯರಾದರೆ ‘ಕಾಫಿಪುಡಿ’ ಎನ್ನುತ್ತಾರೆ. ಕಾಲೇಜು ಹುಡುಗರಾದರೆ ಮುಗುಳ್ನಕ್ಕು ‘ಬಿಯರು’ ಎಂದಾರು. ಇಬ್ಬರದೂ ಸರಿಯೇ. ಇಂಗ್ಲಿಷಿನಲ್ಲಿ ಚಹಾ, ಕಾಫಿ, ಬಿಯರು ಎಲ್ಲವನ್ನೂ ‘ಬ್ರೂ’ ಮಾಡಬಹುದು. ಸಂಚು, ಬಿರುಗಾಳಿ, ಜಗಳಗಳೂ ‘ಬ್ರೂ’ ಆಗುತ್ತವೆ. ಇಷ್ಟೆಲ್ಲಕ್ಕೂ ಸಲ್ಲುವ ಒಂದೇ ಪದ ಕನ್ನಡದಲ್ಲಿ ಇದೆಯೇ?

ಪತ್ರಿಕಾ ಕಚೇರಿಯ ಅನುವಾದದ ಮೇಜಿನಲ್ಲಿ ಕುಳಿತವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಸುದ್ದಿಸಂಸ್ಥೆಯ ಪ್ರತಿಯಲ್ಲಿ ಪಕ್ಷವೊಂದರೊಳಗೆ ಅಸಮಾಧಾನ ‘ಬ್ರೂ’ ಆಗುತ್ತಿದೆ ಎಂದಿದ್ದರೆ ನಾವು ‘ಹೊಗೆಯಾಡುತ್ತಿದೆ’ ಎಂದು ಬರೆಯುತ್ತೇವೆ. ಸಂಚಾದರೆ ‘ಹೂಡುತ್ತಾರೆ’, ಮಳೆಯಾದರೆ ‘ಮೋಡ ಕಟ್ಟುತ್ತದೆ’. ಇಂಗ್ಲಿಷಿನವನು ಒಂದೇ ಪಾತ್ರೆಯಲ್ಲಿ ಕುದಿಸಿದ್ದನ್ನು ಕನ್ನಡ ಹಲವು ಒಲೆಗಳ ಮೇಲೆ ಇಡುತ್ತದೆ.

ಕುದಿಯುವ ಬೇರು

‘ಬ್ರೂ’ ಹಳೆಯ ಜರ್ಮಾನಿಕ್ ಮೂಲದ ಪದ. ಸಾರು ಎಂಬರ್ಥದ ‘ಬ್ರಾತ್’ ಕೂಡ ಅದೇ ಬೇರಿನದು. ಅದರ ಸಮೀಪದ ‘ಫರ್ಮೆಂಟ್’ ಪದದ ಹಿಂದೆಯೂ ಕುದಿ ಎಂಬರ್ಥದ ಲ್ಯಾಟಿನ್ ಧಾತುವಿದೆ. ಹುದುಗು ಬಂದ ದ್ರವ ಬೆಂಕಿಯಿಲ್ಲದೆಯೇ ನೊರೆಯುಕ್ಕುವುದನ್ನು ಕಂಡು ಅದನ್ನೂ ಕುದಿಯೆಂದೇ ಭಾವಿಸಿದರು. ಈ ನೊರೆಗೆ ಕಾರಣ ಜೀವಂತ ಯೀಸ್ಟ್ ಎಂಬುದನ್ನು 1857ರ ಬಳಿಕ ಲೂಯಿ ಪಾಸ್ಚರ್ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಕನ್ನಡದ ‘ಹುದುಗು’ ನೋಡಿ. ಅದಕ್ಕೆ ‘ಅಡಗು’ ಎಂಬ ಅರ್ಥವೂ ಇದೆ. ಕಣ್ಣಿಗೆ ಕಾಣದ ಜೀವಿಯೊಂದು ಒಳಗೆ ಅಡಗಿ ಮಾಡುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮಾತು ಇನ್ನಾವುದು?

ಮೈಸೂರಿನಲ್ಲಿ ಸಿಕ್ಕ ಸುರಾಧ್ಯಕ್ಷ

ಈ ಕಸುಬಿನ ಹಳೆಯ ಪದಗಳ ಭಂಡಾರವೊಂದು ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಪ್ರತಿಯಿಂದ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು 1909ರಲ್ಲಿ ಪ್ರಕಟಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೇ ಒಂದು ಅಧ್ಯಾಯ ಮೀಸಲು. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಯ ಪಾನೀಯಗಳನ್ನು ಅಲ್ಲಿ ಹೆಸರಿಸಿದೆ.

ಅಲ್ಲಿ ಬರುವ ‘ಕಿಣ್ವ’ ಎಂಬ ಮಾತು ಸ್ವಾರಸ್ಯಕರವಾದುದು. ಸುರೆಗೆ ಹುದುಗು ಬರಿಸಲು ಹಾಕುವ ಮೂಲದ್ರವ್ಯ ಅದು. ಅದರ ಮುಖ್ಯ ಸಾಮಗ್ರಿ ಏನು ಬಲ್ಲಿರಾ? ಉದ್ದು ಮತ್ತು ಅಕ್ಕಿ. ನಮ್ಮ ದೋಸೆಹಿಟ್ಟಿನ ಜೋಡಿಯೇ! ಇಂದಿನ ಕನ್ನಡ ವಿಜ್ಞಾನ ಪುಸ್ತಕಗಳಲ್ಲಿ ‘ಎನ್ಜೈಮ್’ಗೆ ಕಿಣ್ವ ಎನ್ನುತ್ತಾರೆ. ಆ ಇಂಗ್ಲಿಷ್ ಪದಕ್ಕೂ ಗ್ರೀಕ್ ಮೂಲದಲ್ಲಿ ‘ಹುದುಗಿನೊಳಗಿನದು’ ಎಂದೇ ಅರ್ಥ.

ಆಸವ, ಅರಿಷ್ಟಗಳು ಗ್ರಂಥಿಗೆ ಅಂಗಡಿಯಲ್ಲಿ ಇನ್ನೂ ಬದುಕಿವೆ. ಮೂಲಿಕೆಯನ್ನು ಕುದಿಸಿ ಹುದುಗಿಸಿದರೆ ಅರಿಷ್ಟ, ಕುದಿಸದೆ ಹುದುಗಿಸಿದರೆ ಆಸವ. ದ್ರಾಕ್ಷಾರಿಷ್ಟದ ಸೀಸೆಯ ಚೀಟಿ ಓದಿದರೆ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆಯೆಂದು ಬರೆದಿರುತ್ತದೆ. ಮದ್ಯದ ಹೆಸರು ಕೇಳಿದರೆ ಮುಖ ಕಿವುಚುವ ಮನೆಗಳಲ್ಲೂ ಊಟದ ನಂತರ ಎರಡು ಚಮಚ ಅರಿಷ್ಟಕ್ಕೆ ಅಡ್ಡಿಯಿಲ್ಲ.

ಡಿಕಾಕ್ಷನ್ ಎಂಬ ತಪ್ಪು ಹೆಸರು

ಇನ್ನು ಕಾಫಿ. ನಾವು ಹೇಳುವ ‘ಡಿಕಾಕ್ಷನ್’ಗೆ ಮೂಲದಲ್ಲಿ ಕುದಿಸಿ ತೆಗೆದದ್ದು ಎಂದರ್ಥ. ಆದರೆ ಫಿಲ್ಟರಿನಲ್ಲಿ ಪುಡಿಯನ್ನು ಯಾರೂ ಕುದಿಸುವುದಿಲ್ಲ. ಬಿಸಿನೀರು ಹುಯ್ದು ಕಾಯುತ್ತಾರೆ. ಆಯುರ್ವೇದ ಇಲ್ಲಿ ಹೆಚ್ಚು ಖಚಿತ. ಕುದಿಸಿದ್ದು ಕ್ವಾಥ, ಬಿಸಿನೀರಿನಲ್ಲಿ ನೆನೆಸಿ ಸೋಸಿದ್ದು ಫಾಂಟ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ. ಆ ಲೆಕ್ಕದಲ್ಲಿ ನಮ್ಮ ಡಿಕಾಕ್ಷನ್ ಫಾಂಟ. ಈಗಿನ ಕೆಫೆಗಳು ದುಬಾರಿ ಬೆಲೆಗೆ ಮಾರುವ ‘ಕೋಲ್ಡ್ ಬ್ರೂ’ ಅಪ್ಪಟ ಹಿಮ!

ಆದರೆ ಅಡುಗೆಮನೆಯ ಕನ್ನಡ ಈ ಯಾವುದಕ್ಕೂ ಕಾಯಲಿಲ್ಲ. ‘ಡಿಕಾಕ್ಷನ್ ಇಳಿಯಿತೇ?’ ಎಂದು ಕೇಳಿತು. ಈಚಲು, ತೆಂಗಿನ ಮರದಿಂದ ಕಳ್ಳನ್ನೂ ಇಳಿಸುತ್ತಾರೆ. ಸಾರಾಯಿಯನ್ನು ಭಟ್ಟಿ ಇಳಿಸುತ್ತಾರೆ. ಇನ್ನೊಬ್ಬರ ಬರಹ ಕದ್ದವನೂ ‘ಭಟ್ಟಿ ಇಳಿಸಿದ’ ಎನ್ನಿಸಿಕೊಳ್ಳುತ್ತಾನೆ. ಇಂಗ್ಲಿಷಿನ ಗಮನ ಒಲೆಯ ಮೇಲಿನ ಕುದಿಯ ಕಡೆಗಾದರೆ ಕನ್ನಡದ ಗಮನ ಕೆಳಗೆ ತೊಟ್ಟಿಕ್ಕುವ ಹನಿಯ ಕಡೆಗೆ. ‘ಬ್ರೂ’ಗೆ ತೀರ ಹತ್ತಿರದ ಕನ್ನಡ ಪದ ಬೇಕೆಂದರೆ ‘ಇಳಿಸು’ ಎಂದೇ ಹೇಳಬೇಕು.

ಪದ ಬೆರೆತರೆ ಅಪಾಯ

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಬಿಯರನ್ನು ಭಟ್ಟಿ ಇಳಿಸುವುದಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮ ರಾಗಿ ಮಾಲ್ಟಿನ ಹೆಸರೂ ಇದೇ. ಅದರ ಸಾರಕ್ಕೆ ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಹುದುಗಿಸಿದರೆ ಬಿಯರು. ದಂಡು ಪ್ರದೇಶದ ಸೈನಿಕರ ಕಾಲದಿಂದ ಬೆಂಗಳೂರಿಗೆ ಇದು ಪರಿಚಿತ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಹುದುಗಿದ್ದನ್ನು ಮತ್ತೆ ಕಾಯಿಸಿ ಆವಿಯನ್ನು ಹನಿಯಾಗಿಸಿದರೆ ಮಾತ್ರ ಅದು ಭಟ್ಟಿ.

ಬಡವನ ಲೋಟದಲ್ಲಿ ಇನ್ನೂ ದೊಡ್ಡ ವ್ಯತ್ಯಾಸವಿತ್ತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತಿದ್ದುದು ಮಿಥೈಲ್ ಆಲ್ಕೋಹಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಅದು ಹುದುಗಿನ ಕೂಸಲ್ಲ; ಕಾರ್ಖಾನೆಯ ರಾಸಾಯನಿಕ. ಬಣ್ಣ, ವಾಸನೆಯಿಂದ ಕುಡಿಯುವವನಿಗೆ ಗುರುತು ಸಿಗದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕೆಲವೇ ವರ್ಷಗಳಲ್ಲಿ ಇದೇ ಊರಿನಲ್ಲಿ ಮೈಕ್ರೊಬ್ರೂವರಿಗಳು ಬಾಗಿಲು ತೆರೆದವು.

ಒಂದು ಕುಡಿತಕ್ಕೆ ‘ಕಳ್ಳಭಟ್ಟಿ’ ಎಂಬ ಹೆಸರು, ಇನ್ನೊಂದಕ್ಕೆ ‘ಕ್ರಾಫ್ಟ್ ಬ್ರೂ’ ಎಂಬ ಮರ್ಯಾದೆ. ಹೆಂಡ, ಕಳ್ಳು, ಸಾರಾಯಿ ಎಂದರೆ ಕೀಳು; ಇಂಗ್ಲಿಷಿನಲ್ಲಿ ಹೇಳಿದರೆ ನಾಗರಿಕ. ಯೀಸ್ಟಿಗೆ ಈ ಭೇದ ತಿಳಿಯದು. ಭೇದವಿರುವುದು ನಮ್ಮ ನಾಲಿಗೆಯಲ್ಲಿ. ಕುದಿಸು, ನೆನೆಸು, ಹುದುಗಿಸು, ಇಳಿಸು ಎಂಬ ನಾಲ್ಕು ಮಾತುಗಳನ್ನು ಬೆರೆಸದೆ ಬಳಸಿದರೆ ಲೋಟದಲ್ಲಿ ಏನಿದೆ ಎಂಬುದಾದರೂ ನಮಗೆ ಸ್ಪಷ್ಟವಾಗಿ ಗೊತ್ತಿರುತ್ತದೆ.